ಶಿಫಾರಸಿನಿಂದ ಅರ್ಜಿಗೆ

ಕಾನೂನು ಸಂಸ್ಥೆಗಳ ಇಂಟರ್ನ್‌ಶಿಪ್‌ಗೆ ವಿದ್ಯಾರ್ಥಿಗಳು ಅರ್ಜಿ ಹಾಕುವ ರೂಢಿ ನಮ್ಮಲ್ಲಿ ತೀರಾ ಹಳೆಯದಲ್ಲ. ಹಿಂದೆ ಪದವಿ ಮುಗಿಸಿದವರು ಪರಿಚಯದವರ ಶಿಫಾರಸಿನ ಮೇಲೆ ಹಿರಿಯ ವಕೀಲರ ಕಚೇರಿ ಸೇರುತ್ತಿದ್ದರು. ಕಡತ ಹೊರುವುದು, ವಾಯಿದೆ ಪಡೆಯುವುದೇ ಮೊದಲ ಪಾಠ. ಸನ್ನದಿಗೆ ಮುನ್ನ ಒಂದು ವರ್ಷದ ತರಬೇತಿ ಕಡ್ಡಾಯ ಮಾಡಿದ ಬಾರ್ ಕೌನ್ಸಿಲ್‌ನ 1995ರ ನಿಯಮಗಳನ್ನು ಸುಪ್ರೀಂ ಕೋರ್ಟ್ 1999ರಲ್ಲಿ ರದ್ದುಪಡಿಸಿತು. ಮುಂದೆ ಆ ಕಲಿಕೆ ಕಾಲೇಜಿನ ವರ್ಷಗಳೊಳಗೇ ಬಂತು: 2008ರ ನಿಯಮಗಳು ಮೂರು ವರ್ಷದ ಕೋರ್ಸಿಗೆ 12, ಐದು ವರ್ಷದ್ದಕ್ಕೆ 20 ವಾರಗಳ ಇಂಟರ್ನ್‌ಶಿಪ್ ವಿಧಿಸಿದವು.

ಅರ್ಜಿ ಬಂದ ಮೇಲೆ ಪರಿಚಯದ ಹಂಗು ತಪ್ಪಿತಲ್ಲ ಎಂದು ಕೇಳಬಹುದು. ಅದು ಅರ್ಧ ನಿಜ. ನಿಯಮ ವಾರಗಳನ್ನು ಎಣಿಸಿತೇ ಹೊರತು ಜಾಗ ಒದಗಿಸುವ ಹೊಣೆಯನ್ನು ಸಂಸ್ಥೆಗಳ ಮೇಲೆ ಹೊರಿಸಲಿಲ್ಲ. ಹಾಗಾಗಿ ಆಯ್ಕೆಯ ಅಧಿಕಾರ ಅವುಗಳ ಕೈಯಲ್ಲೇ ಉಳಿಯಿತು. ಶಿಫಾರಸಿನ ಜಾಗದಲ್ಲಿ ಕಾಲೇಜಿನ ಹೆಸರು ಕೂತಿತು.