ಆಂಟೆನಾ ತಿರುಗದೆಯೇ ದಿಕ್ಕು ಬದಲಿಸಬಲ್ಲದೇ?

ಹೇಳಿಕೆ: ತಿರುಗದ ಆಂಟೆನಾ ಓಡುವ ಉಪಗ್ರಹದ ಜೊತೆ ಸಂಪರ್ಕ ಉಳಿಸಿಕೊಳ್ಳಲಾರದು.
ವಾಸ್ತವ: ಇದು ತಪ್ಪು.

ಬೆಳಗಾವಿಯ ರವಿವಾರ ಪೇಟೆಯ ಮಾಳಿಗೆಗಳತ್ತ ನೋಡಿ. ಟಿವಿ ಡಿಶ್‌ಗಳೆಲ್ಲ ಹೆಚ್ಚುಕಡಿಮೆ ಆಗ್ನೇಯಕ್ಕೇ ಮುಖ ಮಾಡಿರುತ್ತವೆ. ಟಿವಿ ಉಪಗ್ರಹಗಳು ಸುಮಾರು 36,000 ಕಿ.ಮೀ. ಎತ್ತರದಲ್ಲಿ ಭೂಮಿಯ ಜೊತೆಜೊತೆಗೇ ಸುತ್ತುವುದರಿಂದ ನಮಗೆ ನಿಂತಲ್ಲೇ ನಿಂತಂತೆ ಕಾಣುತ್ತವೆ. ಹಾಗಾಗಿ ಡಿಶ್ ತಿರುಗಿಸುವ ಪ್ರಶ್ನೆಯೇ ಇಲ್ಲ.

ಎಲ್ಲ ಉಪಗ್ರಹಗಳೂ ಹೀಗಲ್ಲ. 2005ರ ಮೇ 5ರಂದು ಇಸ್ರೋ ಹಾರಿಸಿದ ಕಾರ್ಟೋಸ್ಯಾಟ್-1, ಸುಮಾರು 618 ಕಿ.ಮೀ. ಎತ್ತರದಲ್ಲಿ 97 ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತುತ್ತಿತ್ತು. ಹೈದರಾಬಾದ್ ಬಳಿಯ ಶಾದ್‌ನಗರದ ಕೇಂದ್ರಕ್ಕೆ ಅದು ಒಮ್ಮೆಗೆ ಕಾಣುತ್ತಿದ್ದುದು ಹತ್ತು ನಿಮಿಷದ ಆಸುಪಾಸು ಮಾತ್ರ. ಅಷ್ಟರಲ್ಲೇ ಚಿತ್ರಗಳನ್ನು ಕಳಿಸಬೇಕು. ಮೋಟರ್‌ನಿಂದ ಡಿಶ್ ತಿರುಗಿಸಿದರೆ ಉಪಗ್ರಹ ತುಸು ಅದುರುತ್ತದೆ. ನೆಲದ ಮೇಲಿನ 2.5 ಮೀಟರ್ ವಿವರ ಹಿಡಿಯುವ ಕ್ಯಾಮೆರಾಗೆ ಆ ಅದುರುವಿಕೆಯೇ ತೊಂದರೆ. ಅದಕ್ಕೇ ಅದರಲ್ಲಿ ಗುಮ್ಮಟದಾಕಾರದ ‘ಫೇಸ್ಡ್ ಅರೇ’ ಆಂಟೆನಾ ಇತ್ತು.

ಹೇಗೆ ಕೆಲಸ ಮಾಡುತ್ತದೆ?

ಶಾಲೆಯ ಪರೇಡ್ ನೆನಪಿಸಿಕೊಳ್ಳಿ. ಸಾಲಿನಲ್ಲಿ ನಿಂತ ಮಕ್ಕಳು ಒಟ್ಟಿಗೆ ಹೆಜ್ಜೆ ಹಾಕಿದರೆ ಸಾಲು ನೇರ. ಒಬ್ಬರ ನಂತರ ಒಬ್ಬರು ಚೂರು ತಡವಾಗಿ ಹೊರಟರೆ ಸಾಲು ಓರೆಯಾಗುತ್ತದೆ. ಇಲ್ಲಿಯೂ ಹಾಗೆಯೇ: ಅಕ್ಕಪಕ್ಕದ ಚಿಕ್ಕ ಆಂಟೆನಾಗಳು ಅಲೆಯನ್ನು ಒಂದಿಷ್ಟು ತಡಮಾಡಿ ಬಿಟ್ಟರೆ, ಎಲ್ಲ ಅಲೆಗಳೂ ಸೇರಿ ಓರೆ ದಿಕ್ಕಿನಲ್ಲಿ ಬಲಗೊಳ್ಳುತ್ತವೆ.

ಉದಾಹರಣೆಗೆ, 8 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 3.75 ಸೆಂ.ಮೀ. ಚಿಕ್ಕ ಆಂಟೆನಾಗಳನ್ನು ಅದರ ಅರ್ಧದಷ್ಟು ದೂರದಲ್ಲಿ ಸಾಲಾಗಿಟ್ಟು, ಪ್ರತಿಯೊಂದನ್ನೂ ಕಾಲು ಅಲೆಯಷ್ಟು ತಡಮಾಡಿದರೆ ಕಿರಣ 30 ಡಿಗ್ರಿ ವಾಲುತ್ತದೆ. ಆ ತಡ ಒಂದು ಸೆಕೆಂಡಿನ ಲಕ್ಷ ಕೋಟಿಯ ಒಂದು ಭಾಗದ ಸುಮಾರು 31 ಪಾಲು ಮಾತ್ರ!

ಹಾಗಾದರೆ ಡಿಶ್ ಬೇಡವೇ?

ಬೇಕು. ಫೇಸ್ಡ್ ಅರೇಗೆ ಬಿಡಿಭಾಗ ಹೆಚ್ಚು, ಖರ್ಚು ಹೆಚ್ಚು, ಬಿಸಿಯೂ ಹೆಚ್ಚು. ಕಿರಣ ಬದಿಗೆ ವಾಲಿದಷ್ಟೂ ಅಗಲವಾಗಿ ಬಲ ಕುಗ್ಗುತ್ತದೆ. 2013ರ ಮಂಗಳಯಾನದಲ್ಲಿ 2.2 ಮೀಟರ್‌ನ ಡಿಶ್ಶೇ ಇತ್ತು. ಭೂಮಿಯತ್ತ ಮುಖ ಮಾಡಲು ನೌಕೆಯೇ ತಿರುಗುತ್ತಿತ್ತು. ಆದರೆ ಸೂರ್ಯನಿಗೆ ಹತ್ತಿರದ ಬುಧಗ್ರಹಕ್ಕೆ ನಾಸಾ 2004ರಲ್ಲಿ ಕಳಿಸಿದ ಮೆಸೆಂಜರ್ ನೌಕೆ ಫೇಸ್ಡ್ ಅರೇ ಬಳಸಿತು. ದೂರದ ಬಾಹ್ಯಾಕಾಶದಲ್ಲಿ ಅದೇ ಮೊದಲು.

ಈಗ ಉಪಗ್ರಹ ಇಂಟರ್ನೆಟ್‌ಗೆ ಬಳಸುವ ಚಪ್ಪಟೆ ಹಲಗೆಯಲ್ಲೂ ಇದೇ ತಂತ್ರವಿದೆ. ಅದು ಅಲುಗಾಡುತ್ತಿಲ್ಲ ಅಂದ ಮಾತ್ರಕ್ಕೆ ‘ನಕಲಿ’ ಎಂಬ ಮೆಸೇಜ್ ಫಾರ್ವರ್ಡ್ ಮಾಡಬೇಡಿ.