ಹೇಳದೆ ಉಳಿದ ಮಾತು

ಆಹಾರದ ಪೊಟ್ಟಣದ ಮೇಲೆ ಅಂಟಿಸಿದ ಚೀಟಿಯು ಮಾರುವವನು ಉಣ್ಣುವವನಿಗೆ ಕೊಟ್ಟ ವಚನವಾಗಿದೆ. ಸುಳ್ಳು ಹೇಳುವುದು ಮಾತ್ರವಲ್ಲ, ಹೇಳಬೇಕಾದುದನ್ನು ಹೇಳದೆ ಬಿಡುವುದೂ ಪ್ರಾಣಹಾನಿಗೆ ಕಾರಣವಾಗಬಲ್ಲದು. ಈ ಸತ್ಯವನ್ನು ಕಾನೂನು ಸ್ಪಷ್ಟವಾಗಿ ಒಪ್ಪಿಕೊಂಡದ್ದು ತೀರ ಈಚೆಗೆ.

ಬಹುಜನರಿಗೆ ಪುಷ್ಟಿ ಕೊಡುವ ಹಾಲು, ಗೋಧಿ, ಕಡಲೆಕಾಯಿಗಳೇ ಕೆಲವರ ದೇಹಕ್ಕೆ ವಿಷದಂತಾಗುತ್ತವೆ. ಇದನ್ನೇ ಅಲರ್ಜಿ ಎನ್ನುತ್ತಾರೆ. ಅಮೆರಿಕದಲ್ಲಿ ಹಿಂದೆ ಚೀಟಿಯ ಮೇಲೆ ‘ಕೇಸೀನ್’ ಎಂದು ಬರೆದರೆ ಸಾಕಾಗುತ್ತಿತ್ತು. ಅದು ಹಾಲಿನ ಅಂಶವೆಂಬುದು ಎಷ್ಟೋ ತಾಯಂದಿರಿಗೆ ತಿಳಿಯುತ್ತಿರಲಿಲ್ಲ. 2004ರಲ್ಲಿ ಅಲ್ಲಿ ಬಂದ ಕಾಯಿದೆಯು ಹಾಲು, ಮೊಟ್ಟೆ, ಮೀನು, ಸಿಗಡಿ-ಏಡಿಗಳು, ಬಾದಾಮಿ-ಗೋಡಂಬಿ ಮೊದಲಾದ ಬೀಜಗಳು, ಕಡಲೆಕಾಯಿ, ಗೋಧಿ, ಸೋಯಾ ಎಂಬ ಎಂಟನ್ನು ರೂಢಿಯ ಹೆಸರಿನಿಂದಲೇ ತಿಳಿಸಬೇಕೆಂದು ವಿಧಿಸಿತು. ಆಹಾರದ ಅಲರ್ಜಿಯಿಂದ ವರ್ಷಕ್ಕೆ ಸುಮಾರು 30,000 ಜನರು ತುರ್ತು ಚಿಕಿತ್ಸೆಗೆ ಒಳಗಾಗುತ್ತಾರೆ, ಸುಮಾರು 150 ಮಂದಿ ಸಾಯುತ್ತಾರೆ ಎಂದು ಆ ಕಾಯಿದೆಯಲ್ಲಿಯೇ ದಾಖಲಾಗಿದೆ. 2006ರ ಜನವರಿ 1ರಿಂದ ಅದು ಜಾರಿಗೆ ಬಂದಿತು.

ಆದರೆ ತನಗೇ ತಿಳಿಯದುದನ್ನು ತಯಾರಕನು ಹೇಳುವುದೆಂತು? 2014ರ ಕೊನೆಯಲ್ಲಿ ಅದೇ ದೇಶದಲ್ಲಿ ಜೀರಿಗೆಪುಡಿಯಲ್ಲಿ ಕಡಲೆಕಾಯಿಯ ಅಂಶವು ಕಂಡುಬಂದಿತು. ಆ ಪುಡಿಯು ಮಸಾಲೆಗಳನ್ನೂ, ಮಸಾಲೆಗಳ ಮೂಲಕ ಬಗೆಬಗೆಯ ಸಿದ್ಧ ಆಹಾರಗಳನ್ನೂ ಅದಾಗಲೇ ಸೇರಿತ್ತು. 2015ರ ಆರಂಭದ ತಿಂಗಳುಗಳವರೆಗೆ ನೂರಾರು ಸರಕುಗಳನ್ನು ಅಂಗಡಿಗಳಿಂದ ಹಿಂದಕ್ಕೆ ಪಡೆಯಬೇಕಾಯಿತು. ಕಡಲೆಕಾಯಿಯ ತೀವ್ರ ಅಲರ್ಜಿಯುಳ್ಳವರು ಜೀರಿಗೆಪುಡಿ ಬೆರೆತ ಆಹಾರವನ್ನೇ ವರ್ಜಿಸುವುದು ಲೇಸೆಂದು ಸರ್ಕಾರಿ ಸಂಸ್ಥೆ ಸಲಹೆಯಿತ್ತಿತು. ಎಲ್ಲಿಯೋ ಒಂದೆಡೆ ತಪ್ಪಿದ ಎಚ್ಚರವು ಸಾವಿರಾರು ಅಡಿಗೆಮನೆಗಳ ನಂಬಿಕೆಯನ್ನು ಕದಡಿತು.

ಮುಂದೆ ನಡೆದುದು ಇನ್ನೂ ವಿಚಾರಾರ್ಹ. 2021ರ ಕಾಯಿದೆಯು ಎಳ್ಳನ್ನು ಒಂಬತ್ತನೆಯದಾಗಿ ಸೇರಿಸಿತು. 2023ರ ಜನವರಿ 1ರಿಂದ ಅದನ್ನು ತಿಳಿಸುವುದು ಕಡ್ಡಾಯವಾಯಿತು. ಎಳ್ಳಿನ ಕಣವೂ ಉಳಿಯದಂತೆ ಯಂತ್ರಗಳನ್ನು ಶುಚಿಗೊಳಿಸುವುದು ಪ್ರಯಾಸದ ಕೆಲಸ. ಆದುದರಿಂದ ಕೆಲವು ಬ್ರೆಡ್ ತಯಾರಕರು ಅದುವರೆಗೆ ಎಳ್ಳಿಲ್ಲದ ಬ್ರೆಡ್ಡಿಗೂ ಬೇಕೆಂದೇ ಅಷ್ಟು ಎಳ್ಳಿನ ಹಿಟ್ಟನ್ನು ಬೆರೆಸಿ, ‘ಎಳ್ಳು ಇದೆ’ ಎಂದು ಮುದ್ರಿಸಿದರು. ಚೀಟಿ ಸತ್ಯವಾಯಿತು, ಕಾನೂನಿನ ಪಾಲನೆಯೂ ಆಯಿತು. ಆದರೆ ಎಳ್ಳು ಒಗ್ಗದ ಮಗು ನಿನ್ನೆಯವರೆಗೆ ನಿರ್ಭಯವಾಗಿ ತಿನ್ನುತ್ತಿದ್ದ ಬ್ರೆಡ್ಡನ್ನು ಕಳೆದುಕೊಂಡಿತು.

ಎಚ್ಚರವನ್ನು ದುಡಿಮೆಯೆಂದು ಬಗೆಯದೆ ಹೊರೆಯೆಂದು ಬಗೆದಾಗ ಸತ್ಯವಚನವೂ ನುಣುಚಿಕೊಳ್ಳುವ ಉಪಾಯವಾಗುತ್ತದೆ. ಉಣ್ಣುವವನ ಕ್ಷೇಮಕ್ಕಾಗಿ ಹುಟ್ಟಿದ ಮಾತು ಮಾರುವವನ ರಕ್ಷಣೆಗಷ್ಟೇ ಉಳಿದರೆ, ವಚನವು ನಿಂತಿತೆನ್ನಬಹುದೇ ಹೊರತು ಧರ್ಮವು ನಿಂತಿತೆನ್ನಲಾಗದು.