ಬೋಕಿ ಹೇಳುವ ಕಾಲ: ಚಂದ್ರವಳ್ಳಿಯಿಂದ ಬ್ರಹ್ಮಗಿರಿಗೆ ಎರಡು ದಿನ

ವಾರದ ಕೊನೆಯ ಎರಡು ದಿನ ಬಸ್ಸೊಂದನ್ನು ಗೊತ್ತು ಮಾಡಿಕೊಂಡು ಹಳೆಯ ನೆಲೆಗಳನ್ನು ನೋಡಿಬರುವ ತಂಡಗಳು ನಮ್ಮ ಊರುಗಳಲ್ಲಿ ಅಲ್ಲಲ್ಲಿ ಹುಟ್ಟಿಕೊಂಡಿವೆ. ನಿವೃತ್ತ ನೌಕರರು, ಶಾಲಾ ಶಿಕ್ಷಕರು, ಕಾಲೇಜು ವಿದ್ಯಾರ್ಥಿಗಳು, ಮಕ್ಕಳನ್ನು ಕರೆದುಕೊಂಡು ಬರುವ ತಂದೆ ತಾಯಂದಿರು ಇಂಥ ತಂಡಗಳಲ್ಲಿರುತ್ತಾರೆ. ಹಂಪಿ, ಬೇಲೂರು, ಬಾದಾಮಿಗಳು ಮೊದಲ ಸುತ್ತಿನಲ್ಲೇ ಮುಗಿದುಹೋಗುತ್ತವೆ. ಆಮೇಲೆ ಎಲ್ಲಿಗೆ ಎಂಬ ಪ್ರಶ್ನೆ ಬಂದಾಗ ಚಿತ್ರದುರ್ಗದ ಹೆಸರು ಕೇಳಿಬರುತ್ತದೆ. ಏಳು ಸುತ್ತಿನ ಕೋಟೆ, ಮದಕರಿ ನಾಯಕ, ಒನಕೆ ಓಬವ್ವ ಎಲ್ಲರಿಗೂ ಗೊತ್ತು. ಆದರೆ ಅದೇ ಜಿಲ್ಲೆಯಲ್ಲಿ, ಎರಡು ದಿನಗಳಲ್ಲಿ ನೋಡಿ ಮುಗಿಸಬಹುದಾದ ಇನ್ನೆರಡು ಜಾಗಗಳಿವೆ. ಒಂದು ಕೋಟೆಯ ಬೆನ್ನಿಗೇ ಇರುವ ಚಂದ್ರವಳ್ಳಿ. ಇನ್ನೊಂದು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ.

ಈ ಎರಡು ಜಾಗಗಳಿಗೆ ಹೋದವರು ಸಾಮಾನ್ಯವಾಗಿ ಹೇಳುವ ಮಾತು, 'ಅಲ್ಲಿ ನೋಡುವುದಕ್ಕೆ ಏನಿದೆ?' ಎಂಬುದು. ಮಾತಿನಲ್ಲಿ ಸುಳ್ಳಿಲ್ಲ. ಬ್ರಹ್ಮಗಿರಿಯಲ್ಲಿ ಶಿಲಾಬಾಲಿಕೆಯರಿಲ್ಲ, ಎತ್ತರದ ಗೋಪುರವಿಲ್ಲ. ಬಂಡೆಗಳು, ಕುರುಚಲು ಗಿಡಗಳು, ಹೊಲದ ಬದುಗಳು, ಅವುಗಳ ನಡುವೆ ನೆಟ್ಟ ಕಲ್ಲುಗಳು. ಆದರೂ ದಕ್ಷಿಣ ಭಾರತದ ಇತಿಹಾಸಪೂರ್ವ ಕಾಲಕ್ಕೆ ಒಂದು ಅಳತೆಗೋಲು ಸಿಕ್ಕಿದ್ದು ಈ ಎರಡು ಜಾಗಗಳ ಮಣ್ಣಿನಲ್ಲಿ. ಆ ಅಳತೆಗೋಲಿನ ಬಹುಭಾಗ ಇಂದಿಗೂ ಅಲ್ಲಿಯೇ, ಪ್ರವಾಸಿಯ ಕಾಲ ಕೆಳಗೇ ಇದೆ.

ಮೊದಲ ದಿನ: ಚಂದ್ರವಳ್ಳಿ

ಚಿತ್ರದುರ್ಗದ ಕೋಟೆಯ ಬೆಟ್ಟದ ಪಶ್ಚಿಮಕ್ಕೆ, ಬೆಟ್ಟಗಳ ನಡುವಿನ ಕಣಿವೆ ಚಂದ್ರವಳ್ಳಿ. ಒಂದು ಕೆರೆ, ಭೈರವೇಶ್ವರ ಗುಡಿ, ಅಂಕಲಿ ಮಠದ ನೆಲದಡಿಯ ಕೋಣೆಗಳು. ಬರುವವರು ಗುಹೆಯೊಳಗೆ ಟಾರ್ಚ್ ಹಿಡಿದು ಇಳಿದು ಹತ್ತಿ ಸಂತೋಷಪಟ್ಟು ಹೋಗುತ್ತಾರೆ. ಗುಡಿಯ ಬಳಿಯ ಬಂಡೆಯ ಮೇಲೆ ಕದಂಬ ವಂಶದ ಸ್ಥಾಪಕ ಮಯೂರಶರ್ಮನ ಪ್ರಾಕೃತ ಶಾಸನವಿದೆ. ಮೂರೇ ಸಾಲು. ಕೆರೆಯೊಂದರ ಸಂಗತಿಯನ್ನು ಹೇಳುವ ಈ ಶಾಸನದಲ್ಲಿ ಬರುವ ರಾಜ್ಯಗಳ ಹೆಸರುಗಳನ್ನು ಓದುವುದರ ಬಗ್ಗೆ ವಿದ್ವಾಂಸರಲ್ಲಿ ಇನ್ನೂ ಒಮ್ಮತವಿಲ್ಲ. ಅಕ್ಷರಗಳು ಅಷ್ಟು ಸವೆದಿವೆ.

ಮೈಸೂರು ಪುರಾತತ್ವ ಇಲಾಖೆಯ ಡಾ. ಎಂ.ಎಚ್. ಕೃಷ್ಣ ಅವರು 1929ರ ಸುಮಾರಿಗೆ ಇಲ್ಲಿ ಉತ್ಖನನ ನಡೆಸಿದರು. ಶಾತವಾಹನರ ಕಾಲದ ಜನವಸತಿಯ ಗುರುತುಗಳು, ಇಟ್ಟಿಗೆಯ ಕಟ್ಟಡಗಳ ಅವಶೇಷಗಳು, ಮಣಿಗಳು, ಮಡಕೆಗಳು ಹೊರಬಂದವು. ಮಹಾರಥಿ ಎಂಬ ಬಿರುದಿನ ಸ್ಥಳೀಯ ಅಧಿಪತಿಗಳ ಸೀಸದ ನಾಣ್ಯಗಳೂ ಇಲ್ಲಿ ಸಿಕ್ಕಿವೆ. ಅವುಗಳ ಜತೆಗೆ ಬಂದ ಇನ್ನೊಂದು ವಸ್ತು ಎಲ್ಲರ ಗಮನ ಸೆಳೆಯಿತು: ರೋಮನ್ ಚಕ್ರವರ್ತಿಗಳ ಬೆಳ್ಳಿಯ ನಾಣ್ಯ.

ರೋಮಿನ ನಾಣ್ಯ ಚಿತ್ರದುರ್ಗದ ಕಣಿವೆಗೆ ಬಂದದ್ದು ವ್ಯಾಪಾರದ ಕೈಗಳ ಮೂಲಕ. ಅದು ಒಂದು ಕುತೂಹಲದ ಸಂಗತಿ. ಆದರೆ ಪುರಾತತ್ವಜ್ಞನಿಗೆ ಅದರ ಬೆಲೆ ಬೆಳ್ಳಿಗಿಂತ ಹೆಚ್ಚಿನದು. ರೋಮಿನ ಚಕ್ರವರ್ತಿಗಳು ಆಳಿದ ವರ್ಷಗಳು ನಿಖರವಾಗಿ ಗೊತ್ತಿವೆ. ಉದಾಹರಣೆಗೆ, ಟೈಬೀರಿಯಸ್ ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ. ಅವನ ನಾಣ್ಯ ಯಾವ ಮಣ್ಣಿನ ಪದರದಲ್ಲಿ ಸಿಕ್ಕಿತೋ ಆ ಪದರ ಕ್ರಿ.ಶ. 14ಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ. ಜತೆಯಲ್ಲೇ ಸಿಕ್ಕ ಹೆಸರಿಲ್ಲದ ಮಡಕೆಗೂ ಹೀಗೆ ಒಂದು ಕಾಲ ದೊರೆಯುತ್ತದೆ. ಆದರೆ ಇದಕ್ಕೆ ಒಂದು ಷರತ್ತು ಉಂಟು. ನಾಣ್ಯ ಯಾವ ಪದರದಲ್ಲಿತ್ತು ಎಂಬುದು ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಅದು ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿಟ್ಟ ಹಳೆಯ ಬೆಳ್ಳಿಯ ಬಿಲ್ಲೆ, ಅಷ್ಟೆ.

ಎರಡನೆಯ ದಿನ: ಅಕ್ಷರದ ಗುಂಡು

ಮರುದಿನ ಚಳ್ಳಕೆರೆಯ ಮೇಲೆ ಬಳ್ಳಾರಿಯ ದಿಕ್ಕಿಗೆ ಹೊರಟರೆ ಮೊಳಕಾಲ್ಮೂರು ಸೀಮೆ ಸಿಗುತ್ತದೆ. ಆಂಧ್ರದ ಗಡಿ ಹತ್ತಿರ. ಇಲ್ಲಿ ಕೆಲವೇ ಕಿಲೋಮೀಟರುಗಳ ಅಂತರದಲ್ಲಿ ಮೂರು ಕಡೆ ಅಶೋಕನ ಶಾಸನಗಳಿವೆ: ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. ಸಿದ್ದಾಪುರವನ್ನು ಜನ ಈಗ ಅಶೋಕ ಸಿದ್ದಾಪುರವೆಂದೇ ಕರೆಯುತ್ತಾರೆ.

ಈ ಮೂರನ್ನೂ 1892ರಲ್ಲಿ ಲೋಕಕ್ಕೆ ತಿಳಿಸಿದವರು ಬಿ.ಎಲ್. ರೈಸ್. ಆದರೆ ಊರಿನವರಿಗೆ ಬಂಡೆಗಳು ಮೊದಲೇ ಪರಿಚಿತ. ಬ್ರಹ್ಮಗಿರಿಯ ಬಂಡೆಗೆ ಅವರು ಇಟ್ಟಿದ್ದ ಹೆಸರು ಅಕ್ಷರ ಗುಂಡು. ಜಟಾಯು ಬಿದ್ದ ಜಾಗವೆಂದು ನಂಬಲಾದ ಜಟಿಂಗ ರಾಮೇಶ್ವರದ ಬೆಟ್ಟದ ಮೇಲೆ ಶಾಸನವಿರುವ ಬಂಡೆಗೆ ಬಳೆಗಾರರ ಗುಂಡು ಎಂಬ ಹೆಸರು. ಜಾತ್ರೆಗೆ ಬಂದ ಬಳೆಗಾರರು ಅಂಗಡಿ ಹೂಡುತ್ತಿದ್ದುದು ಅದರ ಮೇಲೆಯೇ. ಆ ಶಾಸನ ತೀರ ಸವೆದಿರುವುದರಲ್ಲಿ ಆಶ್ಚರ್ಯವಿಲ್ಲ.

ಬ್ರಾಹ್ಮೀ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ 1837ರಲ್ಲೇ ಓದಿ ತೋರಿಸಿದ್ದರಿಂದ ರೈಸ್ ಅವರಿಗೆ ಓದುವ ದಾರಿ ತೆರೆದಿತ್ತು. ಅಶೋಕನ ಮಾತು ದಕ್ಷಿಣದಲ್ಲಿ ಇಷ್ಟು ದೂರದವರೆಗೆ ಬಂದಿತ್ತೆಂಬುದಕ್ಕೆ ಸಿಕ್ಕ ಮೊದಲ ಸಾಕ್ಷ್ಯ ಇದು. ಮುಂದೆ ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಹೆಸರೇ ಇರುವ ಶಾಸನ ದೊರೆಯಿತು. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೇಗೋಳ, ಕಲಬುರಗಿ ಜಿಲ್ಲೆಯ ಸನ್ನತಿ ಒಂದೊಂದಾಗಿ ಸೇರಿಕೊಂಡವು.

ಬ್ರಹ್ಮಗಿರಿಯ ಶಾಸನ 13 ಸಾಲುಗಳದ್ದು. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸುವುದರೊಂದಿಗೆ ಅದು ಆರಂಭವಾಗುತ್ತದೆ. ಇಸಿಲವೆಂದರೆ ಈ ನೆಲೆಯೇ ಎಂಬುದು ವಿದ್ವಾಂಸರ ಅಭಿಪ್ರಾಯ. ಪ್ರಯತ್ನಪಟ್ಟರೆ ದೊಡ್ಡವರಂತೆ ಸಣ್ಣವರೂ ಸ್ವರ್ಗವನ್ನು ಪಡೆಯಬಹುದು, ತಾಯಿ ತಂದೆಯರ ಮಾತು ಕೇಳಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯ ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬುದು ಅದರ ಸಾರ. ನಡುವೆ 256 ಎಂಬ ಸಂಖ್ಯೆ ಬರುತ್ತದೆ. ರಾಜನು ಪ್ರವಾಸದಲ್ಲಿ 256 ರಾತ್ರಿಗಳನ್ನು ಕಳೆದಾಗ ಹೊರಡಿಸಿದ ಆಜ್ಞೆ ಇದೆಂದು ಹಲವು ವಿದ್ವಾಂಸರು ಅರ್ಥ ಮಾಡಿದ್ದಾರೆ. ಎರಡು ದಿನದ ಪ್ರವಾಸಕ್ಕೆ ಬಂದವರು ಆ ಬಂಡೆಯ ಮುಂದೆ ನಿಂತು ಈ ಸಂಖ್ಯೆಯನ್ನು ನೆನೆಯಬಹುದು.

ಶಾಸನದ ಕೊನೆಯಲ್ಲಿ ಅದನ್ನು ಬರೆದವನ ಹೆಸರಿದೆ: ಚಪಡ. ಇಡೀ ಶಾಸನವನ್ನು ಬ್ರಾಹ್ಮಿಯಲ್ಲಿ ಬರೆದ ಅವನು ತನ್ನ ವೃತ್ತಿಯನ್ನು ಹೇಳುವ 'ಲಿಪಿಕಾರ' ಎಂಬ ಮಾತನ್ನು ಮಾತ್ರ ಖರೋಷ್ಠಿ ಲಿಪಿಯಲ್ಲಿ ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ಆಗ ಬಳಕೆಯಲ್ಲಿದ್ದುದು ಇಂದಿನ ಪಾಕಿಸ್ತಾನದ ಪೇಶಾವರ, ತಕ್ಷಶಿಲೆಗಳ ಕಡೆ. ಚಪಡ ಅಲ್ಲಿಂದ ಬಂದವನೋ ಅಲ್ಲಿ ಕಲಿತವನೋ ಇರಬೇಕು. ಚಿತ್ರದುರ್ಗದ ಸೀಮೆಯಲ್ಲಿ ಕುಳಿತು ಅವನು ತನ್ನ ಸೀಮೆಯ ಅಕ್ಷರದಲ್ಲಿ ರುಜು ಹಾಕಿದಂತಿದೆ.

ಬಂಡೆಯ ಬುಡದ ಜನ

ಅಶೋಕನ ಅಧಿಕಾರಿಗಳು ಇಲ್ಲಿಗೆ ಬಂದಾಗ ಈ ನೆಲ ಬರಿದಾಗಿರಲಿಲ್ಲ. ಬ್ರಹ್ಮಗಿರಿಯ ಬುಡದ ಬಯಲಿನಲ್ಲಿ ನೂರಾರು ಬೃಹತ್ ಶಿಲಾ ಸಮಾಧಿಗಳಿವೆ. ದೊಡ್ಡ ಕಲ್ಲು ಚಪ್ಪಡಿಗಳನ್ನು ನಿಲ್ಲಿಸಿ ಪೆಟ್ಟಿಗೆಯಂತೆ ಜೋಡಿಸಿ, ಮೇಲೊಂದು ಚಪ್ಪಡಿ ಮುಚ್ಚಿ, ಸುತ್ತಲೂ ಗುಂಡುಗಳ ವೃತ್ತ ಹಾಕಿದ ರಚನೆಗಳು. ಪೂರ್ವದ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ ಕೊರೆದಿರುತ್ತದೆ. ಒಳಗೆ ಮೂಳೆಗಳು, ಕಬ್ಬಿಣದ ಆಯುಧಗಳು, ಒಳಗೆ ಕಪ್ಪು ಹೊರಗೆ ಕೆಂಪು ಬಣ್ಣದ ನುಣುಪಾದ ಮಡಕೆಗಳು. ಕರ್ನಾಟಕದ ಹಲವೆಡೆ ಇವನ್ನು ಮೋರ್ಯರ ಮನೆ, ಪಾಂಡವರ ಮನೆ ಎಂದು ಜನ ಕರೆಯುತ್ತಾರೆ.

ಇವುಗಳಿಗಿಂತ ಹಳೆಯ ಜನವೂ ಇಲ್ಲಿದ್ದರು. ಕಬ್ಬಿಣ ಕಾಣದಿದ್ದ ಅವರು ಕರಿಕಲ್ಲನ್ನು ಉಜ್ಜಿ ನಯಗೊಳಿಸಿದ ಕೊಡಲಿಗಳನ್ನು ಬಳಸುತ್ತಿದ್ದರು. ತೀರಿಕೊಂಡ ಶಿಶುಗಳನ್ನು ಮಡಕೆಗಳಲ್ಲಿಟ್ಟು ಹೂಳುತ್ತಿದ್ದರು.

ಯಾರು ಮೊದಲು, ಯಾರು ಆಮೇಲೆ? ಇಂದು ಶಾಲೆಯ ಪುಸ್ತಕದಲ್ಲಿ ನವಶಿಲಾಯುಗ, ಕಬ್ಬಿಣ ಯುಗ, ಶಾತವಾಹನರು ಎಂದು ಸಾಲಾಗಿ ಓದುವವರಿಗೆ ಇದು ಪ್ರಶ್ನೆಯೇ ಅನ್ನಿಸದು. ಆದರೆ 1940ರ ದಶಕದವರೆಗೆ ದಕ್ಷಿಣದಲ್ಲಿ ಈ ಸಾಲನ್ನು ಒಂದೇ ಜಾಗದಲ್ಲಿ, ಒಂದರ ಮೇಲೊಂದಾಗಿ ಅಗೆದು ಕಾಲ ಕಟ್ಟಿ ತೋರಿಸಿದವರಿರಲಿಲ್ಲ. ಡಾ. ಕೃಷ್ಣ ಅವರು 1940ರ ದಶಕದ ಆರಂಭದಲ್ಲಿ ಬ್ರಹ್ಮಗಿರಿಯಲ್ಲಿ ಅಗೆದು ಈ ಸರಣಿಯ ಸುಳಿವು ಕಂಡಿದ್ದರು. ಅದನ್ನು ಖಚಿತಪಡಿಸಿದ್ದು 1947ರ ಉತ್ಖನನ.

ವೀಲರ್ ಕಟ್ಟಿದ ಲೆಕ್ಕ

ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕರಾಗಿದ್ದ ಮಾರ್ಟಿಮರ್ ವೀಲರ್ ಆ ವರ್ಷ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳೆರಡರಲ್ಲೂ ಅಗೆದರು. ಅವರ ಕೈಯಲ್ಲಿ ಒಂದು ಕೀಲಿಕೈ ಇತ್ತು. 1945ರಲ್ಲಿ ಅವರು ಪುದುಚೇರಿಯ ಬಳಿಯ ಅರಿಕಮೇಡುವಿನಲ್ಲಿ ಅಗೆದಾಗ ಇಟಲಿಯಲ್ಲಿ ತಯಾರಾದ ಕೆಂಪು ಪಾತ್ರೆಗಳ ಚೂರುಗಳು ಸಿಕ್ಕಿದ್ದವು. ಆ ಪಾತ್ರೆಗಳ ಕಾಲ ಯುರೋಪಿನಲ್ಲಿ ಆಗಲೇ ಗೊತ್ತಿತ್ತು. ಅವುಗಳ ಜತೆ, ಒಳತಳದಲ್ಲಿ ಚಿಕ್ಕ ಚಿಕ್ಕ ಗೀರುಗಳ ವೃತ್ತವಿರುವ ಇನ್ನೊಂದು ಬಗೆಯ ತಟ್ಟೆಯ ಚೂರುಗಳೂ ಇದ್ದವು. ಅದೇ ಗೀರಿನ ತಟ್ಟೆ ಬ್ರಹ್ಮಗಿರಿಯಲ್ಲೂ ಚಂದ್ರವಳ್ಳಿಯಲ್ಲೂ ಮೇಲಿನ ಪದರದಲ್ಲಿ ಸಿಕ್ಕಿತು. ಹಾಗಾದರೆ ಈ ಮೇಲಿನ ಪದರ ಕ್ರಿ.ಶ. ಒಂದನೆಯ ಶತಮಾನದ್ದು. ಚಂದ್ರವಳ್ಳಿಯ ರೋಮನ್ ನಾಣ್ಯವೂ ಅದನ್ನೇ ಹೇಳಿತು. ಅದರ ಕೆಳಗೆ ಶಿಲಾ ಸಮಾಧಿಯ ಜನರ ಪದರ. ಅದಕ್ಕೂ ಕೆಳಗೆ ಕಲ್ಲಿನ ಕೊಡಲಿಯ ಜನರ ಪದರ.

ಹೀಗೆ ಇಟಲಿಯ ಕುಂಬಾರನ ಮಡಕೆಯಿಂದ ಹಿಡಿದು ಮೊಳಕಾಲ್ಮೂರಿನ ಕಲ್ಲಿನ ಕೊಡಲಿಯವರೆಗೆ ಒಂದು ಸರಪಳಿ ಸಿದ್ಧವಾಯಿತು. ದಕ್ಷಿಣದ ಬೇರೆ ಬೇರೆ ನೆಲೆಗಳಲ್ಲಿ ಸಿಕ್ಕಿದ ಬೋಕಿಗಳನ್ನು ಬ್ರಹ್ಮಗಿರಿಯ ಬೋಕಿಗಳ ಪಕ್ಕದಲ್ಲಿಟ್ಟು ಅವುಗಳ ಕಾಲ ಹೇಳುವುದು ಸಾಧ್ಯವಾಯಿತು.

ಈ ಕತೆಗೆ ಇನ್ನೊಂದು ಭಾಗವಿದೆ. ವೀಲರ್ ಹೇಳಿದ ಕಾಲ ಮುಂದೆ ನಿಲ್ಲಲಿಲ್ಲ. ಶಿಲಾ ಸಮಾಧಿಗಳು ಕ್ರಿ.ಪೂ. 200ರ ಸುಮಾರಿಗೆ ಆರಂಭವಾದವೆಂದೂ ಕಲ್ಲಿನ ಕೊಡಲಿಯವರು ಕ್ರಿ.ಪೂ. ಒಂದನೆಯ ಸಹಸ್ರಮಾನದ ಆರಂಭದವರೆಂದೂ ಅವರು ಅಂದಾಜಿಸಿದ್ದರು. ಇದ್ದಿಲಿನಲ್ಲಿ ಉಳಿದಿರುವ ಇಂಗಾಲವನ್ನು ಅಳೆದು ಕಾಲ ಹೇಳುವ ವಿಧಾನ ಆಗಿನ್ನೂ ಬಂದಿರಲಿಲ್ಲ. ಅದು ಬಂದ ಮೇಲೆ ಉತ್ನೂರು, ಕೊಡೇಕಲ್ಲುಗಳ ಬೂದಿ ದಿಬ್ಬಗಳ ಇದ್ದಿಲು ನವಶಿಲಾಯುಗವನ್ನು ಕ್ರಿ.ಪೂ. ಮೂರನೆಯ ಸಹಸ್ರಮಾನಕ್ಕೆ ಒಯ್ದಿತು. ತುಂಗಭದ್ರೆಯ ದಂಡೆಯ ಹಳ್ಳೂರಿನ ಇದ್ದಿಲು, ಕಬ್ಬಿಣ ಕ್ರಿ.ಪೂ. 1000ದ ಸುಮಾರಿಗೇ ಇಲ್ಲಿತ್ತೆಂದು ತೋರಿಸಿತು. ವೀಲರ್ ನೆಚ್ಚಿದ್ದ ಗೀರಿನ ತಟ್ಟೆಯೂ ಭಾರತದಲ್ಲೇ ತಯಾರಾದದ್ದು, ಅವರು ಎಣಿಸಿದ್ದಕ್ಕಿಂತ ಹಳೆಯದು ಎಂದು ವಿದ್ವಾಂಸರು ಈಗ ಹೇಳುತ್ತಾರೆ.

ಕಾಲದ ಅಂಕಿಗಳು ಬದಲಾದವು. ಪದರಗಳ ಕ್ರಮ ಬದಲಾಗಲಿಲ್ಲ. ಯಾವ ಬೋಕಿ ಯಾವ ಪದರದಲ್ಲಿತ್ತು ಎಂಬುದನ್ನು ವೀಲರ್ ತಂಡ ಬರೆದಿಟ್ಟಿದ್ದರಿಂದ ಐದಾರು ದಶಕಗಳ ಅನಂತರದವರೂ ಲೆಕ್ಕವನ್ನು ತಿದ್ದಲು ಸಾಧ್ಯವಾಯಿತು. ಮಣ್ಣು ತಾನು ಇಟ್ಟುಕೊಂಡ ದಾಖಲೆಯನ್ನು ಎಷ್ಟು ಸಲ ಬೇಕಾದರೂ ಮರುಪರಿಶೀಲನೆಗೆ ಕೊಡುತ್ತದೆ. ಪದರ ಒಮ್ಮೆ ಕಲಸಿಹೋದರೆ ಮಾತ್ರ ಯಾವ ಪ್ರಯೋಗಾಲಯವೂ ಅದನ್ನು ಮತ್ತೆ ಜೋಡಿಸಲಾರದು.

ಜೇಬಿಗೆ ಸೇರುವ ಇತಿಹಾಸ

ಹಳೆಯ ನೆಲೆಗಳಿಗೆ ಅಪಾಯ ಮೂರು ದಿಕ್ಕಿನಿಂದ ಬರುತ್ತದೆ. ಒಂದು, ನಿಧಿಯ ಆಸೆ. ಶಿಲಾ ಸಮಾಧಿಯೊಳಗೆ ಹೊನ್ನಿನ ಕೊಪ್ಪರಿಗೆ ಇದೆಯೆಂದು ನಂಬಿ ರಾತ್ರಿ ಹಾರೆ ಹಿಡಿದು ಬರುವವರು ಚಪ್ಪಡಿಗಳನ್ನು ಒಡೆಯುತ್ತಾರೆ. ಸಿಗುವುದು ಮೂಳೆ ಮತ್ತು ಮಡಕೆ. ಎರಡು, ನಿತ್ಯದ ಅಗತ್ಯ. ಹೊಲ ಹಸನು ಮಾಡುವಾಗ ಕಲ್ಲಿನ ವೃತ್ತಗಳು ಬದುವಿಗೆ ಸೇರುತ್ತವೆ, ಚಪ್ಪಡಿಗಳು ಮನೆಯ ಹೊಸ್ತಿಲಾಗುತ್ತವೆ. ಇದನ್ನು ರೈತನ ತಪ್ಪೆಂದು ಹೇಳಿ ಸುಮ್ಮನಾಗುವಂತಿಲ್ಲ. ತನ್ನ ಹೊಲದಲ್ಲಿರುವುದು ಏನೆಂದು ಅವನಿಗೆ ಯಾರೂ ಹೇಳದಿದ್ದರೆ ಅದು ಅವನಿಗೆ ನೇಗಿಲಿಗೆ ಅಡ್ಡವಾಗುವ ಕಲ್ಲು ಮಾತ್ರ.

ಮೂರನೆಯದು ನಮ್ಮಂಥ ಪ್ರವಾಸಿಗಳದ್ದೇ. ಮಳೆ ಬಿದ್ದ ಮರುದಿನ ಇಂಥ ನೆಲೆಯಲ್ಲಿ ನಡೆದರೆ ಕಾಲಿಗೆ ಬೋಕಿಗಳು ಸಿಗುತ್ತವೆ. ಮಕ್ಕಳು ಆಸೆಯಿಂದ ಆರಿಸುತ್ತಾರೆ, ದೊಡ್ಡವರು ನೆನಪಿಗೆಂದು ಕೈಚೀಲಕ್ಕೆ ಹಾಕುತ್ತಾರೆ. ಒಂದು ಚೂರಿನಿಂದ ಏನಾಗುತ್ತದೆ ಎಂಬುದು ಎಲ್ಲರ ಸಮಾಧಾನ. ಆದರೆ ನೆಲದ ಮೇಲೆ ಬೋಕಿಗಳು ಎಲ್ಲಿ ದಟ್ಟ, ಎಲ್ಲಿ ವಿರಳ ಎಂಬುದನ್ನು ನೋಡಿಯೇ ಪುರಾತತ್ವಜ್ಞರು ಕೆಳಗೆ ಊರಿತ್ತೋ ಸಮಾಧಿಯಿತ್ತೋ ಎಂದು ಊಹಿಸುತ್ತಾರೆ. ನಲವತ್ತು ಜನರ ಒಂದು ಬಸ್ಸು, ವರ್ಷಕ್ಕೆ ಹತ್ತು ಬಸ್ಸು ಎಂದಿಟ್ಟುಕೊಂಡರೆ ನಾಲ್ಕುನೂರು ಚೂರುಗಳು. ಹತ್ತು ವರ್ಷಕ್ಕೆ ನಾಲ್ಕು ಸಾವಿರ. ಮನೆಯ ಷೋಕೇಸಿನಲ್ಲಿ ಕುಳಿತ ಆ ಚೂರಿಗೆ ಊರೂ ಇಲ್ಲ, ಪದರವೂ ಇಲ್ಲ.

ಕಾನೂನು ಇದೆ. ಪ್ರಾಚೀನ ಸ್ಮಾರಕಗಳು ಮತ್ತು ಪುರಾತತ್ವ ನೆಲೆಗಳ ಅಧಿನಿಯಮ 1958ರದು. ಅದಕ್ಕೆ 2010ರಲ್ಲಿ ಬಂದ ತಿದ್ದುಪಡಿಯಂತೆ ಕೇಂದ್ರದ ರಕ್ಷಣೆಗೆ ಒಳಪಟ್ಟ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ನೆಲದಡಿ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬ ಕಾನೂನು 1878ರಷ್ಟು ಹಳೆಯದು. ಆದರೆ ಬಯಲಿನಲ್ಲಿ ಹರಡಿಕೊಂಡ ನೂರಾರು ಸಮಾಧಿಗಳ ಪಕ್ಕದಲ್ಲಿ ಒಬ್ಬೊಬ್ಬ ಕಾವಲುಗಾರನನ್ನು ನಿಲ್ಲಿಸಲು ಯಾವ ಇಲಾಖೆಗೂ ಆಗದು.

ಈ ಕಾರಣಕ್ಕೇ ವಾರಾಂತ್ಯದ ತಂಡಗಳು ಮುಖ್ಯವಾಗುತ್ತವೆ. ಹೊರಡುವ ಮೊದಲು ತಂಡದವರಿಗೆ ನೆಲೆಯ ವಿಷಯ ಹೇಳಿ, ಬೋಕಿಯನ್ನು ನೋಡಿ, ಬೇಕಾದರೆ ಫೋಟೋ ತೆಗೆದು ಅಲ್ಲೇ ಬಿಟ್ಟುಬರುವುದನ್ನು ನಿಯಮ ಮಾಡಿಕೊಳ್ಳಬಹುದು. ಶಾಸನದ ಅಕ್ಷರಗಳಿಗೆ ಸುಣ್ಣ, ಸೀಮೆಸುಣ್ಣ ತಾಗಿಸದೆ ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಓದಬಹುದು. ಆ ಹೊತ್ತಿನಲ್ಲಿ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಊರಿನ ಶಾಲೆಗೆ ಒಂದು ಗಂಟೆ ಹೋಗಿ ಮಕ್ಕಳಿಗೆ ಚಪಡನ ಕತೆ ಹೇಳಬಹುದು. ಹೊಸದಾಗಿ ಅಗೆದ ಗುಂಡಿ ಕಂಡರೆ ಪುರಾತತ್ವ ಇಲಾಖೆಗೋ ಹತ್ತಿರದ ಪೊಲೀಸ್ ಠಾಣೆಗೋ ತಿಳಿಸಬಹುದು. ಬೋಕಿಗಳು, ನಾಣ್ಯಗಳು ಹತ್ತಿರದಿಂದ ನೋಡಬೇಕೆನ್ನುವವರಿಗೆ ಚಿತ್ರದುರ್ಗದಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯವಿದೆ.

ಬ್ರಹ್ಮಗಿರಿಯಲ್ಲಿ ಇದುವರೆಗೆ ಅಗೆದದ್ದು ಅಲ್ಪ ಭಾಗ. ಉಳಿದ ಮಣ್ಣು, ವೀಲರ್ ಅವರ ಲೆಕ್ಕವನ್ನು ತಿದ್ದಿದಂತೆ ನಮ್ಮ ಇಂದಿನ ಲೆಕ್ಕವನ್ನೂ ತಿದ್ದಬಲ್ಲದು. ಅದು ಮುಂದೆ ಬರುವವರಿಗೆ ಪದರ ಕೆಡದೆ ಸಿಗಬೇಕು.